ಬದುವಿನ ಏಡಿ, ಕಡಲಿನ ಏಡಿ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಕಡಲು ಎಂಬುದು ಪುಸ್ತಕದ ಮಾತು. ನಮ್ಮ ಪಾಲಿಗೆ ನೀರೆಂದರೆ ಹಾನಗಲ್ಲಿನ ಆನಿಕೆರೆ, ಹಿರೇಕೆರೂರ ಕಡೆಯ ಮದಗ-ಮಾಸೂರಿನ ಕೆರೆ, ಧರ್ಮಾ, ವರದಾ, ಕುಮುದ್ವತಿ ನದಿಗಳು. ಇವುಗಳಾಚೆಗೆ ಮಳೆಗಾಲದ ನಾಲ್ಕು ತಿಂಗಳು ಗದ್ದೆಯಲ್ಲಿ ನಿಲ್ಲುವ ನೀರು. ಹೀಗಿದ್ದೂ ಕಡಲಿನ ವಂಶದ ಒಂದು ಜೀವಿ ನಮ್ಮ ಗದ್ದೆಯ ಬದುವಿನೊಳಗೆ ಎಷ್ಟೋ ಕಾಲದಿಂದ ಮನೆಮಾಡಿಕೊಂಡಿದೆ. ಅದು ಏಡಿ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅದರ ವಿಷಯವಾಗಿ.

ಕನ್ನಡ ಎಂ.ಎ. ಮಾಡಿ ಮೂವತ್ತು ವರ್ಷ ಹಳಗನ್ನಡ ಪಾಠ ಹೇಳಿದವನಿಗೂ ಏಡಿಗೂ ಏನು ಸಂಬಂಧ ಎಂದು ಕೇಳುಗರಿಗೆ ಅನ್ನಿಸಬಹುದು. ಸಂಬಂಧ ಇದೆ. ಅದು ಒಂದು ತಪ್ಪಿನ ಸಂಬಂಧ. ಆ ತಪ್ಪನ್ನು ನಾನು ತರಗತಿಯಲ್ಲಿ ಎಲ್ಲರೆದುರಿಗೆ ಮಾಡಿದವನಾದ್ದರಿಂದ, ತಿದ್ದಿಕೊಳ್ಳುವುದೂ ಎಲ್ಲರೆದುರಿಗೆ ಆಗಲಿ ಎಂಬುದು ನನ್ನ ಆಸೆ.

ನನ್ನ ಬಾಲ್ಯ ಕಳೆದದ್ದು ಹಾನಗಲ್ಲ ತಾಲೂಕಿನ ಒಂದು ಹಳ್ಳಿಯಲ್ಲಿ. ಆಗ ನಮ್ಮಲ್ಲಿ ಕೂರಿಗೆ ಭತ್ತದ ಬೇಸಾಯ. ಮುಂಗಾರಿಗೆ ಮುಂಚೆ ಒಣ ಹೊಲಕ್ಕೆ ಬೀಜ ಬಿತ್ತಿ, ಸಸಿ ಮೊಳಕಾಲುದ್ದ ಆಗುವ ಹೊತ್ತಿಗೆ ಬದು ಕಟ್ಟಿ ಮಳೆಯ ನೀರು ನಿಲ್ಲಿಸುವ ಪದ್ಧತಿ ಅದು. ನೀರು ನಿಂತರೆ ಭತ್ತ, ನಿಲ್ಲದಿದ್ದರೆ ಬರೀ ಹುಲ್ಲು. ಆ ನೀರನ್ನು ಕದಿಯುವ ಕಳ್ಳನೆಂದರೆ ಏಡಿ. ಸಂಜೆ ತುಂಬಿದ್ದ ಗದ್ದೆ ಬೆಳಗಾಗುವುದರೊಳಗೆ ಬರಿದಾಗಿರುತ್ತಿತ್ತು. ಬದುವಿನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಏಡಿ ಕೊರೆದ ಬಿಲದಲ್ಲಿ ನೀರೆಲ್ಲ ಕೆಳಗಿನ ಗದ್ದೆಗೆ ಇಳಿದುಹೋಗಿರುತ್ತಿತ್ತು. ಮೇಲಿನ ಗದ್ದೆಯವನಿಗೂ ಕೆಳಗಿನ ಗದ್ದೆಯವನಿಗೂ ಆ ಬಿಲದ ದೆಸೆಯಿಂದ ಮಾತು ಬಿಟ್ಟುಹೋದದ್ದನ್ನು ನಾನು ಕಂಡಿದ್ದೇನೆ. ನಮ್ಮ ತಂದೆಯವರು ಮಳೆಗಾಲದಲ್ಲಿ ಸಲಿಕೆ ಇಲ್ಲದೆ ಹೊರಬೀಳುತ್ತಿರಲಿಲ್ಲ. "ಬದುವಿನ್ಯಾಗಿನ ಏಡಿ ಬಿಡಬ್ಯಾಡ ತಮ್ಮಾ, ನೀರು ಹೋತಂದ್ರ ಬೆಳಿ ಹೋತು" ಎಂಬುದು ಅವರ ನಿತ್ಯದ ಮಾತು.

ಒಂದು ಬೆಳಿಗ್ಗೆ ಅವರ ಬೆನ್ನಿಗೆ ಗದ್ದೆಗೆ ಹೋದಾಗ ಬದುವಿನ ಮೇಲೆ ದೊಡ್ಡದೊಂದು ಏಡಿ ಸತ್ತು ಬಿದ್ದಿತ್ತು. ಅಂಗಾತ ಬಿದ್ದ ಅದರ ಹೊಟ್ಟೆಯ ಮುಚ್ಚಳ ತೆರೆದುಕೊಂಡಿತ್ತು. ಅದರೊಳಗಿಂದ, ಅದರ ಮೇಲಿಂದ, ಸುತ್ತಲಿನ ಕೆಸರಿನಿಂದ, ತೊಗರಿ ಕಾಳಿನಷ್ಟಷ್ಟೇ ದೊಡ್ಡ ಮರಿಗಳು ಹತ್ತಾರು ಹರಿದಾಡುತ್ತಿದ್ದವು. ಜೊತೆಯಲ್ಲಿದ್ದ ಆಳುಮಗ ನನಗೆ ವಿವರಿಸಿದ: ಏಡಿಯ ಹಣೆಬರಹವೇ ಅಷ್ಟು, ಮರಿಗಳು ತಾಯಿಯ ಹೊಟ್ಟೆ ಬಗೆದು ಹೊರಗೆ ಬರುತ್ತವೆ, ಬಂದು ತಾಯಿಯನ್ನೇ ತಿನ್ನುತ್ತವೆ. ಕಣ್ಣೆದುರಿಗೆ ಸಾಕ್ಷಿ ಇತ್ತು. ನಂಬದೆ ಇರಲು ಕಾರಣವೇ ಇರಲಿಲ್ಲ.

ಮುಂದೆ ಧಾರವಾಡದಲ್ಲಿ ಓದಿ ಉಪನ್ಯಾಸಕನಾದ ಮೇಲೆ ಅದೇ ಮಾತು ನನಗೆ ಶಾಸ್ತ್ರದ ಬೆಂಬಲದೊಡನೆ ಮತ್ತೆ ಎದುರಾಯಿತು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಪುತ್ರರ ರಕ್ಷಣೆಯ ಪ್ರಕರಣವಿದೆ. ಅಲ್ಲಿ ಭಾರದ್ವಾಜನೆಂಬ ಹಿಂದಿನ ಆಚಾರ್ಯನ ಅಭಿಪ್ರಾಯ ಬರುತ್ತದೆ. ರಾಜಪುತ್ರರು ಏಡಿಗಳ ಹಾಗೆ, ಹೆತ್ತವರನ್ನೇ ತಿನ್ನುವ ಸ್ವಭಾವದವರು. ತಂದೆಗೆ ಅವರಲ್ಲಿ ಪ್ರೀತಿ ಹುಟ್ಟುವುದಕ್ಕೆ ಮೊದಲೇ ಅವರನ್ನು ಗುಟ್ಟಾಗಿ ದಂಡಿಸುವುದು ಲೇಸು ಎಂಬುದು ಅವನ ಮತ. ಪಂಚತಂತ್ರ ಪಾಠ ಮಾಡುವಾಗ ನೀತಿಶಾಸ್ತ್ರದ ಹಿನ್ನೆಲೆ ಹೇಳುತ್ತ ಈ ಉಪಮೆಯನ್ನು ನಾನು ಪ್ರತಿ ವರ್ಷವೂ ಉಲ್ಲೇಖಿಸುತ್ತಿದ್ದೆ. ಉಲ್ಲೇಖಿಸಿ, "ಇದು ಕವಿಸಮಯವಲ್ಲ, ನಾನೇ ಕಣ್ಣಾರೆ ಕಂಡ ಸತ್ಯ" ಎಂದು ಹಾನಗಲ್ಲಿನ ಬದುವಿನ ಕಥೆಯನ್ನು ಸೇರಿಸುತ್ತಿದ್ದೆ. ವಿದ್ಯಾರ್ಥಿಗಳು ತಲೆದೂಗುತ್ತಿದ್ದರು.

ಒಂದು ವರ್ಷ ಹಿರೇಕೆರೂರ ಕಡೆಯ ರೈತರ ಮನೆಯ ಹುಡುಗಿಯೊಬ್ಬಳು ತಲೆದೂಗಲಿಲ್ಲ. ಎದ್ದು ನಿಂತು, "ಸರ್, ಮರಿ ತಿನ್ನೂದನ್ನ ನೀವು ನೋಡೀರೇನ್ರೀ, ಇಲ್ಲಾ ಸತ್ತ ಮ್ಯಾಲೆ ನೋಡೀರೇನ್ರೀ?" ಎಂದು ಕೇಳಿದಳು. ಸತ್ತ ಮೇಲೆ ಎಂದೆ. "ಹಂಗಾದ್ರ ಅದು ಸತ್ತದ್ದು ಯಾಕಂತ ಹೆಂಗ ಗೊತ್ತಾತ್ರೀ?" ಎಂದಳು. ಹುಡುಗರು ನಕ್ಕರು. ನಾನೂ ನಕ್ಕು ಮುಂದಿನ ಪದ್ಯಕ್ಕೆ ಹೋದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಟ್ಟುಹೋಗಲಿಲ್ಲ.

ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮಿತ್ರರೊಬ್ಬರಿಗೆ ಈ ಸಂಗತಿ ತಿಳಿಸಿದಾಗ ಅವರು ಉತ್ತರ ಹೇಳಲಿಲ್ಲ. ಮೃಗಶಿರಾ ಮಳೆಗೆ ನಿಮ್ಮ ಊರಿಗೆ ಹೋಗೋಣ ಎಂದಷ್ಟೇ ಅಂದರು. ಹೋದೆವು. ಮಳೆ ಬಿದ್ದ ಮರುದಿನದ ಸಂಜೆ, ಲಾಟೀನಿನ ಬೆಳಕಿನಲ್ಲಿ, ಅವರು ಬದುವಿನ ಬಿಲವೊಂದರ ಬಾಯಲ್ಲಿ ಕಂಡ ಏಡಿಯನ್ನು ಹಿಂದಿನಿಂದ ಬೆನ್ನುಚಿಪ್ಪು ಒತ್ತಿ ಹಿಡಿದು ಎತ್ತಿದರು. ಹೊಟ್ಟೆ ತಿರುಗಿಸಿ ತೋರಿಸಿದರು. ಏಡಿಗೆ ಬಾಲವಿಲ್ಲವೆಂದು ನಾವು ತಿಳಿಯುತ್ತೇವೆ; ಅದರ ಬಾಲವೇ ಮಡಿಸಿಕೊಂಡು ಹೊಟ್ಟೆಯ ಅಡಿಗೆ ಅಂಟಿಕೊಂಡ ಮುಚ್ಚಳವಾಗಿದೆ. ಗಂಡಿಗೆ ಅದು ಕಿರಿದು, ಹೆಣ್ಣಿಗೆ ಅಗಲ. ಆ ಅಗಲವಾದ ಮುಚ್ಚಳದ ಅಡಿಯಲ್ಲಿ, ಕೂದಲಿನಂಥ ಎಳೆಗಳನ್ನು ಹಿಡಿದುಕೊಂಡು, ಒತ್ತೊತ್ತಾಗಿ ಮರಿಗಳು ಕುಳಿತಿದ್ದವು. ಕೊಂಡಿಗಳು, ನಡೆಯುವ ನಾಲ್ಕು ಜೊತೆ ಕಾಲುಗಳು, ದೇಟಿನ ಮೇಲೆ ನಿಂತ ಕಣ್ಣುಗಳು, ಎಲ್ಲವೂ ಪೂರ್ಣವಾಗಿ ಮೂಡಿದ ಪುಟ್ಟ ಏಡಿಗಳು. ತಾಯಿ ಜೀವಂತವಾಗಿತ್ತು, ಪುಷ್ಟವಾಗಿತ್ತು. ಬಿಟ್ಟ ಕೂಡಲೇ ಅಡ್ಡಡ್ಡವಾಗಿ ಓಡಿ ಬಿಲ ಸೇರಿತು. ಮಿತ್ರರು ಹೇಳಿದರು: ತಾಯಿ ಮೊಟ್ಟೆಗಳನ್ನು ಹೊಟ್ಟೆಯಡಿಯಲ್ಲೇ ಹೊರುತ್ತದೆ, ಅಲ್ಲೇ ಅವು ಒಡೆಯುತ್ತವೆ, ಮರಿಗಳು ಕೆಲವು ದಿನ ಅಲ್ಲೇ ಇದ್ದು, ಮಳೆಯ ನೀರು ನಿಂತಾಗ ಒಂದೊಂದಾಗಿ ಇಳಿದುಹೋಗುತ್ತವೆ. ಬಗೆಯುವ ಮಾತೇ ಇಲ್ಲ. ಮುಚ್ಚಳ ತೆರೆಯುವುದು ತಾಯಿಯೇ.

ಆ ರಾತ್ರಿ ಊರಿನ ಮನೆಯಲ್ಲಿ ಮಲಗಿದ್ದಾಗ ನನಗೆ ನೆನಪಾದದ್ದು ಇದು. ನಾನು ಸತ್ತ ಏಡಿಯನ್ನು ಕಂಡ ಬೆಳಗಿನ ಹಿಂದಿನ ಸಂಜೆ ನಮ್ಮ ಗದ್ದೆಯ ಬದು ಸೋರುತ್ತಿತ್ತು. ತಂದೆಯವರು ಸಲಿಕೆಯಿಂದ ಆ ಬಿಲವನ್ನು ಅಗೆದು ಮುಚ್ಚಿದ್ದರು. ಲಾಟೀನು ಹಿಡಿದು ನಿಂತವನು ನಾನೇ. ಸತ್ತ ಏಡಿಯ ಬೆನ್ನುಚಿಪ್ಪು ನಡುವೆ ಸೀಳಿತ್ತು. ಅದನ್ನೂ ನಾನು ಕಂಡಿದ್ದೆ. ಕಂಡೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನಮ್ಮ ಸಲಿಕೆ ಮಾಡಿದ್ದನ್ನು ಮರಿಗಳ ಮೇಲೆ ಹೊರಿಸಿ, ಅದಕ್ಕೆ ಕೌಟಿಲ್ಯನ ಮುದ್ರೆ ಒತ್ತಿ, ವರ್ಷ ವರ್ಷ ತರಗತಿಗಳಿಗೆ ಹಂಚಿದ್ದೆ.

ಅಂದಿನಿಂದ ಏಡಿಯನ್ನು ನೋಡುವ ಹುಚ್ಚು ನನಗೆ ಹತ್ತಿತು. ನಮ್ಮ ಬದುವಿನ ಏಡಿಯನ್ನು ಅರಿಯಬೇಕಾದರೆ ಕಡಲಿನ ಏಡಿಯನ್ನೂ ನೋಡಬೇಕು ಎಂದು ಮಿತ್ರರು ಹೇಳಿದ್ದರಿಂದ, ಮುಂಡಗೋಡ, ಯಲ್ಲಾಪುರದ ದಾರಿಯಲ್ಲಿ ಘಟ್ಟವಿಳಿದು ಕಾರವಾರಕ್ಕೆ ಹೋದೆವು. ಅಲ್ಲಿಯ ಮರಳದಂಡೆಯಲ್ಲಿ ಸಂಜೆಯ ಹೊತ್ತು ಕುಳಿತವರಿಗೆ ಒಂದು ವಿನೋದ ಕಾಣಸಿಗುತ್ತದೆ. ಮರಳಿನಲ್ಲಿ ಅಲ್ಲಲ್ಲಿ ದುಂಡನೆಯ ತೂತುಗಳು. ಅಲುಗಾಡದೆ ಕುಳಿತರೆ ತೂತಿನಿಂದ ಮೊದಲು ಎರಡು ಕಣ್ಣುಗಳು ಎದ್ದು ಬರುತ್ತವೆ, ಆಮೇಲೆ ಮರಳಿನದೇ ಬಣ್ಣದ ಏಡಿ. ಒಂದು ಮಗ್ಗುಲಿನ ಕಾಲುಗಳಲ್ಲಿ ಮರಳನ್ನು ಬಾಚಿ ಅವುಚಿಕೊಂಡು ಬಂದು, ದೂರಕ್ಕೆ ಎಸೆದು, ಮತ್ತೆ ಒಳಗೆ ಹೋಗುತ್ತದೆ. ನಾವು ಕೆಮ್ಮಿದರೆ ಸಾಕು, ಮಾಯ. ಇದ್ದದ್ದು ಇಲ್ಲವಾಗುವ ಈ ಗುಣಕ್ಕಾಗಿಯೇ ಆಂಗ್ಲರು ಇದನ್ನು ಭೂತ ಏಡಿ ಎಂದಿದ್ದಾರೆ. ಶಾಸ್ತ್ರಜ್ಞರು ಇಟ್ಟ ಹೆಸರು ಓಸಿಪೋಡೆ. ವೇಗದ ಕಾಲಿನದು ಎಂದು ಆ ಗ್ರೀಕ್ ಪದದ ಅರ್ಥ. ಇವುಗಳಲ್ಲಿ ಒಂದು ಜಾತಿಗೆ ಕಣ್ಣಿನ ಮೇಲೆ ಕೊಂಬಿನಂಥ ಮೊನೆಯೂ ಇರುತ್ತದೆ. ಅದರ ದೊಡ್ಡ ಕೊಂಡಿಯ ಒಳಮೈಯಲ್ಲಿ ಗೀರುಗಳ ಸಾಲಿದೆ; ಅದನ್ನು ಕಾಲಿನ ಬುಡಕ್ಕೆ ಉಜ್ಜಿ ಸದ್ದು ಮಾಡುತ್ತದೆ.

ಈ ಭೂತ ಏಡಿ ಕಡಲಿನದು, ಆದರೆ ಕಡಲಿನಲ್ಲಿ ಇರಲಾರದು. ಬಹಳ ಹೊತ್ತು ನೀರಿನಲ್ಲಿ ಮುಳುಗಿಸಿದರೆ ಉಸಿರು ಕಟ್ಟಿ ಸಾಯುತ್ತದೆ. ಹಾಗೆಂದು ಒಣಗಲೂ ಆರದು. ಅದು ಉಸಿರಾಡುವುದು ಕಿವಿರುಗಳಿಂದ; ಕಿವಿರು ಒದ್ದೆಯಾಗಿದ್ದರಷ್ಟೇ ಗಾಳಿಯಲ್ಲಿರುವ ಆಮ್ಲಜನಕ ಒಳಗೆ ಇಳಿಯುತ್ತದೆ. ಆದ್ದರಿಂದ ಅದು ಮರಳನ್ನು ಓರೆಯಾಗಿ ಕೊರೆದು, ಕೆಳಗಿನ ಹಸಿ ಮುಟ್ಟುವವರೆಗೆ ಇಳಿಯುತ್ತದೆ. ಬೆಳೆದ ಏಡಿಯ ಬಿಲ ಒಂದು ಮೀಟರಿನವರೆಗೂ ಆಳ ಹೋಗಬಲ್ಲುದು. ಬಿಸಿಲಿನ ಹೊತ್ತು ಬಾಯಿಗೆ ಮರಳು ಒತ್ತಿ ಒಳಗೆ ಉಳಿಯುತ್ತದೆ. ಕಾಲುಗಳ ಬುಡದಲ್ಲಿರುವ ರೋಮದ ಗುಚ್ಛಗಳು ಹಸಿಮರಳಿನಿಂದ ನೀರನ್ನು ಹೀರಿ ಕಿವಿರಿಗೆ ಏರಿಸುತ್ತವೆ, ಬತ್ತಿ ಎಣ್ಣೆಯನ್ನು ಏರಿಸುವ ಹಾಗೆ. ರಾತ್ರಿಯಾದ ಮೇಲೆ ಹೊರಬಂದು ತೆರೆ ತಂದು ಹಾಕಿದ ಸತ್ತ ಮೀನು, ಹುಳುಹುಪ್ಪಡಿ, ಸಿಕ್ಕರೆ ಕಡಲಾಮೆಯ ಮರಿ, ಎಲ್ಲವನ್ನೂ ತಿಂದು ದಂಡೆಯನ್ನು ಗುಡಿಸಿಟ್ಟಂತೆ ಮಾಡುತ್ತದೆ.

ಕಾರವಾರದ ಮರಳಿನಲ್ಲಿ ಕುಳಿತು ಇದನ್ನು ಕೇಳಿದಾಗ ನನಗೆ ಹಾನಗಲ್ಲಿನ ಬದು ಅರ್ಥವಾಯಿತು. ನಮ್ಮ ಏಡಿಯೂ ನೀರು ಕದಿಯಲೆಂದು ಬದು ಕೊರೆಯುವುದಿಲ್ಲ. ನೀರನ್ನು ಹಿಂಬಾಲಿಸಿ ಕೊರೆಯುತ್ತದೆ. ಮಳೆಗಾಲದಲ್ಲಿ ಬಿಲ ಸಣ್ಣದು. ಸುಗ್ಗಿ ಮುಗಿದು ಗದ್ದೆ ಆರುತ್ತ ಬಂದಂತೆ ನೆಲದ ಹಸಿ ಕೆಳಗೆ ಇಳಿಯುತ್ತದೆ. ಏಡಿಯೂ ಅದರ ಹಿಂದೆಯೇ ಇಳಿಯುತ್ತದೆ. ಬಿರುಬೇಸಿಗೆಯಲ್ಲಿ ನಾವು ಸೀಳುಬಿಟ್ಟ ಒಣ ಗದ್ದೆಯ ಮೇಲೆ ನಡೆದುಹೋಗುವಾಗ, ಕೆಸರಿನಿಂದ ಬಾಯಿ ಮುಚ್ಚಿದ ಬಿಲದ ತಳದಲ್ಲಿ, ಅಂಗೈಯಷ್ಟು ಹಸಿಯಲ್ಲಿ, ತಿನ್ನದೆ ಅಲುಗದೆ ಅದು ಕುಳಿತಿರುತ್ತದೆ. ಕಿವಿರಿನ ಜೊತೆಗೆ ಅದರ ಕಿವಿರುಗೂಡಿನ ಒಳಪದರವೂ ಶ್ವಾಸಕೋಶದಂತೆ ಗಾಳಿಯನ್ನು ಹೀರಬಲ್ಲುದು. ಆದರೂ ಹಸಿ ತಪ್ಪಿದರೆ ಬದುಕಿಲ್ಲ. ಸವಣೂರು ಸೀಮೆಯ ಎರೆಹೊಲದಲ್ಲಿ, ಹತ್ತಿ ಜೋಳಗಳ ನಡುವೆ, ಏಡಿ ಕಾಣುವುದಿಲ್ಲ. ಹಳ್ಳದ ದಂಡೆಗೆ ಹೋದರೆ ಕಾಣುತ್ತದೆ. ನೆಲದೊಳಗೆ ನೀರು ಎಲ್ಲಿದೆ ಎಂಬುದಕ್ಕೆ ಏಡಿಯ ಬಿಲವೇ ಗುರುತು.

ಬಿಲಕ್ಕೆ ಇನ್ನೊಂದು ಪ್ರಯೋಜನವಿದೆ. ಏಡಿಯ ಎಲುಬು ಹೊರಗಿದೆ, ಅದೇ ಚಿಪ್ಪು. ಚಿಪ್ಪು ಬೆಳೆಯುವುದಿಲ್ಲ, ಆದ್ದರಿಂದ ಬೆಳೆಯಬೇಕಾದರೆ ಏಡಿ ಅದನ್ನು ಕಳಚಬೇಕು. ಹಿಂಬದಿಯಿಂದ ಸೀಳುಬಿಟ್ಟ ಹಳೆಯ ಚಿಪ್ಪಿನಿಂದ ಕಾಲು, ಕೊಂಡಿ, ಕಣ್ಣಿನ ದೇಟುಗಳನ್ನೂ ಸಹಿತ ಎಳೆದುಕೊಂಡು ಹೊರಬರುತ್ತದೆ. ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಅದರಷ್ಟು ನಿಸ್ಸಹಾಯಕ ಜೀವಿ ಮತ್ತೊಂದಿಲ್ಲ. ಆಗ ಅದನ್ನು ಕಾಯುವುದು ಬಿಲವೊಂದೇ. ಪಂಚತಂತ್ರದಲ್ಲಿ ಏಡಿ ಬಕನ ಕೊರಳನ್ನು ಕತ್ತರಿಸಿ ಗೆಲ್ಲುತ್ತದೆ. ನಮ್ಮ ಗದ್ದೆಗಳಲ್ಲಿ ಬಹುಮಟ್ಟಿಗೆ ಬಕನೇ ಗೆಲ್ಲುತ್ತಾನೆ. ಕೊಂಡಿ ಶತ್ರುವಿನ ಬಾಯಿಗೆ ಸಿಕ್ಕಾಗ ಏಡಿ ಅದನ್ನು ಬುಡದಲ್ಲೇ ಮುರಿದುಕೊಟ್ಟು ಓಡುತ್ತದೆ. ಮುಂದೆ ಚಿಪ್ಪು ಕಳಚುವಾಗ ಆ ಜಾಗದಲ್ಲಿ ಸಣ್ಣದೊಂದು ಹೊಸ ಕೊಂಡಿ ಮೂಡುತ್ತದೆ. ಒಂದು ಕೊಂಡಿ ದೊಡ್ಡದು, ಒಂದು ಚಿಕ್ಕದು ಇರುವ ಏಡಿಗಳಲ್ಲಿ ಕೆಲವಾದರೂ ಹೀಗೆ ಒಮ್ಮೆ ಸಾವಿನಿಂದ ತಪ್ಪಿಸಿಕೊಂಡವು.

ದಖನ್ನಿನ ಈ ಬಿಲಗಾರ ಏಡಿಯನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದವನು ಮುಂಬಯಿ ಸೈನ್ಯದ ಕರ್ನಲ್ ಸೈಕ್ಸ್. 1836ರಲ್ಲಿ ಅದರ ವರ್ಣನೆ ಪ್ರಕಟವಾದಾಗ ವೆಸ್ಟ್‌ವುಡ್ ಎಂಬ ವಿದ್ವಾಂಸ ಅದಕ್ಕೆ ಕುನಿಕುಲಾರಿಸ್ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಕುನಿಕುಲಸ್ ಎಂದರೆ ಮೊಲ. ನೆಲದೊಳಗಿನ ಸುರಂಗವೂ ಹೌದು. ಇಂದು ಅದರ ಕುಲನಾಮ ಬಾರಿಟೆಲ್ಫುಸಾ. ನಮ್ಮ ಜನ ಏಡಿ ಎಂದರು, ಹಳೆಯ ಮಾತಿನಲ್ಲಿ ನಳ್ಳಿ ಎಂದೂ ಕರೆದರು. ಸಂಸ್ಕೃತದವರು ಕರ್ಕಟ, ಕುಳೀರ ಎಂದರು, ಆಕಾಶದಲ್ಲಿ ಒಂದು ರಾಶಿಯನ್ನೂ ಬಿಟ್ಟುಕೊಟ್ಟರು. ಸೂರ್ಯ ಕರ್ಕಾಟಕ ರಾಶಿಯನ್ನು ಹೊಗುವ ಜುಲೈ ನಡುವಿನ ಹೊತ್ತಿಗೆ ನಮ್ಮ ಗದ್ದೆಗಳಲ್ಲಿ ನೀರೂ ಏಡಿಯೂ ತುಂಬಿರುತ್ತವೆ ಎಂಬುದು ಆಕಸ್ಮಿಕವಾದರೂ ಚೆಲುವಾದ ಆಕಸ್ಮಿಕ.

ಕಡಲಿನ ಏಡಿಗೂ ಬದುವಿನ ಏಡಿಗೂ ಬಿಲ ಒಂದೇ ಬಗೆಯದಾದರೆ, ತಾಯ್ತನ ಮಾತ್ರ ಬೇರೆ. ಕಾಳಿ ನದಿಯ ಅಳಿವೆಯ ಕೆಸರಿನಲ್ಲಿ ಬಿಲ ತೋಡುವ ದೊಡ್ಡ ಏಡಿಯೊಂದಿದೆ. ಅದು ಒಂದು ಸಲಕ್ಕೆ ಇಡುವ ಮೊಟ್ಟೆಗಳು ಹತ್ತು ಲಕ್ಷವನ್ನೂ ಮೀರಬಹುದು, ಪುಡಿಯಷ್ಟು ಸಣ್ಣವು. ಹೆಣ್ಣು ಅವುಗಳನ್ನು ಹೊತ್ತು ಕಡಲಿಗೆ ಹೋಗಬೇಕು. ಒಡೆದು ಬಂದ ಜೀವಿ ಏಡಿಯಂತೆಯೇ ಇರುವುದಿಲ್ಲ. ಮುಳ್ಳು ಮೂಡಿದ ಧೂಳಿನ ಕಣದಂತೆ ಅಲೆಯಲ್ಲಿ ತೇಲುತ್ತ, ರೂಪದ ಮೇಲೆ ರೂಪ ಬದಲಿಸಿ, ವಾರಗಳ ಮೇಲೆ ಏಡಿಯಾಗುತ್ತದೆ. ಅಷ್ಟರಲ್ಲಿ ಲಕ್ಷಕ್ಕೆ ಎಷ್ಟು ಉಳಿದವೋ ಕಡಲಿಗೇ ಗೊತ್ತು. ಭೂತ ಏಡಿಯೂ ಅಷ್ಟೆ: ನೆಲದ ಮೇಲೆ ಬದುಕಿದರೂ ಮೊಟ್ಟೆ ಒಡೆಯುವ ಕಾಲಕ್ಕೆ ತೆರೆಗೆ ಇಳಿಯಲೇಬೇಕು.

ನಮ್ಮ ಬದುವಿನ ಏಡಿ ಆ ನಂಟನ್ನು ಹರಿದುಕೊಂಡಿದೆ. ಅದು ಇಡುವುದು ನೂರಾರು ಮೊಟ್ಟೆಗಳನ್ನಷ್ಟೇ. ಆದರೆ ಒಂದೊಂದೂ ಬೇರೆ ಬೇರೆಯಾಗಿ ಎಣಿಸಬಹುದಾದಷ್ಟು ದೊಡ್ಡದು, ಒಳಗೆ ಸಾಕಷ್ಟು ಬುತ್ತಿ ತುಂಬಿದ್ದು. ಕಡಲಿನಲ್ಲಿ ಅಲೆದು ಕಲಿಯಬೇಕಾದ ರೂಪಾಂತರಗಳನ್ನೆಲ್ಲ ಮರಿ ಆ ಮೊಟ್ಟೆಯೊಳಗೇ ಮುಗಿಸಿ, ಏಡಿಯಾಗಿಯೇ ಹೊರಬರುತ್ತದೆ. ತಾಯಿಯ ಹೊಟ್ಟೆಯ ಮುಚ್ಚಳದಡಿಯ ಹಸಿಯೇ ಅದಕ್ಕೆ ಕಡಲು. ಹೀಗೆ ಸಿಹಿನೀರಿಗೆ ಒಗ್ಗಿದ ಏಡಿಗಳ 1300ಕ್ಕೂ ಹೆಚ್ಚು ಪ್ರಭೇದಗಳು ಜಗತ್ತಿನಲ್ಲಿವೆ. ಭಾರತದಲ್ಲಿಯೇ ನೂರಕ್ಕೂ ಮೇಲ್ಪಟ್ಟು ಇವೆ. ಆದರೆ ಈ ತಾಯ್ತನಕ್ಕೆ ಒಂದು ಬೆಲೆಯೂ ಇದೆ. ಕಡಲಿನ ಒಂದು ದಂಡೆ ಬರಿದಾದರೆ ಪ್ರವಾಹ ಬೇರೆ ಕಡೆಯ ಮರಿಗಳನ್ನು ತಂದು ಅಲ್ಲಿ ಬಿಟ್ಟೀತು. ನಮ್ಮ ಹಳ್ಳದ ಏಡಿ ಹೋದರೆ ಹೊರಗಿನಿಂದ ತೇಲಿಬರುವ ಮರಿಯಿಲ್ಲ. ನೆರೆಯ ಹಳ್ಳದಿಂದ ನಡೆದೇ ಬರಬೇಕು.

ಹೆತ್ತವಳನ್ನು ತಿಂದ ಅಪವಾದವಲ್ಲದೆ ಇನ್ನೊಂದನ್ನೂ ಏಡಿ ಹೊತ್ತಿದೆ. 1974-75ರಲ್ಲಿ ಸಾಗರ ತಾಲೂಕಿನ ಹಂದಿಗೋಡಿನಲ್ಲಿ ಕೀಲುಗಳು ಬಾಧಿಸಿ ನಡೆಯಲಾರದಂತೆ ಮಾಡುವ ಕಾಯಿಲೆ ಗಮನಕ್ಕೆ ಬಂದಿತು. ಬಾಧಿತರಲ್ಲಿ ಬಹುಪಾಲು ದಲಿತ ಕೂಲಿಗಾರರ ಕುಟುಂಬಗಳು. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿಯನ್ನು ತಿಂದದ್ದೇ ಕಾರಣವೆಂಬ ಸಂಶಯ ಹಬ್ಬಿತು. ಸೊರಬ, ಶಿಕಾರಿಪುರಗಳನ್ನು ದಾಟಿ ಆ ಭಯ ನಮ್ಮ ಕಡೆಗೂ ಬಂದದ್ದು ನನಗೆ ನೆನಪಿದೆ. ಮಳೆಗಾಲದಲ್ಲಿ ನೆಗಡಿಗೆ ಏಡಿಯ ಸಾರು ಕುಡಿಯುತ್ತಿದ್ದವರು ಕೈಬಿಟ್ಟರು. ಮುಂದಿನ ಸಂಶೋಧನೆಗಳು ಅದು ವಂಶದಲ್ಲಿ ಹರಿದುಬರುವ ಎಲುಬು ಕೀಲುಗಳ ರೋಗವೆಂದು ತೋರಿಸಿದವು. ಏಡಿ ಆ ಆರೋಪದಿಂದಲೂ ಬಿಡುಗಡೆಯಾಯಿತು. ಆದರೆ ಗದ್ದೆಗೆ ವಿಷ ಬಿದ್ದದ್ದು ಸುಳ್ಳಲ್ಲ. ಆ ವಿಷ ಏಡಿಯ ಬಿಲಕ್ಕೆ ಇಳಿದದ್ದೂ ಸುಳ್ಳಲ್ಲ.

ಉಳಿದದ್ದು ಮೂರನೆಯ ಆರೋಪ, ಬದು ಕೊರೆಯುವುದು. ಅದು ನಿಜ. ಎಳೆಯ ಸಸಿಯನ್ನು ಕತ್ತರಿಸುವುದೂ ನಿಜ. ವರ್ಷದ ಅನ್ನವನ್ನು ಬದುವಿನ ಮೇಲೆ ನಂಬಿ ನಿಂತ ನಮ್ಮ ತಂದೆಯವರು ಸಲಿಕೆ ಎತ್ತಿದ್ದನ್ನು ನಾನು ತಪ್ಪೆನ್ನಲಾರೆ. ನನ್ನ ತಪ್ಪು ಬೇರೆ. ಅವರು ಏಡಿಯನ್ನು ಕೊಂದರು, ಕೊಂದೆವೆಂದು ಬಲ್ಲರು. ನಾನು ಅದನ್ನು ಕೊಂದವರು ಮಕ್ಕಳೆಂದು ಕಲಿಸಿದೆ. ಅರ್ಥಶಾಸ್ತ್ರದ ಅದೇ ಪ್ರಕರಣದಲ್ಲಿ ಭಾರದ್ವಾಜನ ಮಾತಿನ ಹಿಂದೆಯೇ ವಿಶಾಲಾಕ್ಷನ ಮಾತು ಬರುತ್ತದೆ: ತಪ್ಪು ಮಾಡದವರನ್ನು ಕೊಲ್ಲುವುದು ಕ್ರೌರ್ಯ ಎಂಬ ಆಕ್ಷೇಪ. ಅಷ್ಟು ವರ್ಷ ಪಾಠ ಹೇಳಿದರೂ ಆ ಎರಡನೆಯ ಮಾತನ್ನು ನಾನು ಒಮ್ಮೆಯೂ ಹೇಳಿರಲಿಲ್ಲ. ಉಪಮೆ ಚೆನ್ನಾಗಿದ್ದದ್ದು ಮೊದಲನೆಯದರಲ್ಲಿ.

ಕಾರವಾರದಿಂದ ಮರಳಿದ ಮೇಲೆ ತರಗತಿಯಲ್ಲಿ ನಾನು ಇದನ್ನೆಲ್ಲ ಹೇಳಿದೆ. ಆ ಹುಡುಗಿ ಅಂದು ಬಂದಿದ್ದಳು. ತನ್ನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ಗೆದ್ದವಳಂತೆ ನಗಲಿಲ್ಲ; "ನಮ್ಮವ್ವ ಹೊಟ್ಟಿ ನೋಡಿ ಮರಿ ಇದ್ದ ಏಡಿ ಬಿಟ್ಟಬಿಡ್ತಾಳ್ರೀ ಸರ್" ಎಂದಳು, ಅಷ್ಟೆ. ಯಾವ ಗ್ರಂಥವನ್ನೂ ಓದದ ಆ ತಾಯಿಗೆ ತಿಳಿದದ್ದು ನನಗೆ ತಿಳಿಯಲು ಅಷ್ಟು ದಾರಿ ನಡೆಯಬೇಕಾಯಿತು.

ಕಳೆದ ಮಳೆಗಾಲ ಊರಿಗೆ ಹೋಗಿದ್ದೆ. ನಮ್ಮ ಕಡೆ ಭತ್ತದ ಎಷ್ಟೋ ಗದ್ದೆಗಳು ಈಗ ಗೋವಿನಜೋಳದ ಹೊಲಗಳಾಗಿವೆ, ಅಡಿಕೆಯ ತೋಟಗಳಾಗಿವೆ. ನೀರು ನಿಲ್ಲಿಸುವ ಬದುಗಳು ಸವೆದಿವೆ. ಬದು ಸೋರಿತೆಂದು ಯಾರೂ ಯಾರೊಡನೆಯೂ ಮಾತು ಬಿಡುತ್ತಿಲ್ಲ. ನಮ್ಮ ಹಳೆಯ ಗದ್ದೆಯ ಬದುವಿನ ಮೇಲೆ ಲಾಟೀನಿನ ಬದಲು ಬ್ಯಾಟರಿ ಹಿಡಿದು ಬಹಳ ಹೊತ್ತು ನಡೆದೆ. ಕೊನೆಗೆ ಹಳ್ಳಕ್ಕೆ ಸೇರುವ ಮೂಲೆಯಲ್ಲಿ, ಹಸಿಮಣ್ಣಿನಲ್ಲಿ, ದುಂಡನೆಯ ಬಿಲವೊಂದು ಕಂಡಿತು. ಬಾಯಲ್ಲಿ ಹೊಸದಾಗಿ ತೆಗೆದು ಹಾಕಿದ ಕೆಸರಿತ್ತು. ಬೆಳಕು ಆರಿಸಿ ಸ್ವಲ್ಪ ಹೊತ್ತು ಅಲ್ಲಿಯೇ ಕುಳಿತೆ. ಒಳಗೆ ನೀರು ಕದಡಿದ ಸದ್ದು ಕೇಳಿಸಿತು.